ಕಿಟಕಿ ಕೂರಿಸುವ ಕೆಲಸ

ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ, ಪ್ರಾಜೆಕ್ಟ್ ಕೆಲಸ ಆರಂಭವಾಗುವ ದಿನಗಳಲ್ಲಿ ಒಂದು ದೃಶ್ಯ ಸಾಮಾನ್ಯ. ರಾತ್ರಿ ಊಟವಾದ ಮೇಲೂ ಮಗಳು ಕಂಪ್ಯೂಟರಿನ ಮುಂದೆ ಕುಳಿತಿರುತ್ತಾಳೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲುಗಳು ಸರಸರನೆ ಮೇಲಕ್ಕೆ ಓಡುತ್ತಿರುತ್ತವೆ. ಅವಳು ಕೀಲಿಮಣೆ ಮುಟ್ಟುವುದಿಲ್ಲ, ಸುಮ್ಮನೆ ನೋಡುತ್ತಿರುತ್ತಾಳೆ.

“ಏನೇ ಅದು, ವೈರಸ್ ಏನಾದರೂ ಬಂತಾ?” ಎಂದು ತಾಯಿ ಕೇಳುತ್ತಾರೆ.

“ಇಲ್ಲಮ್ಮ, ಕಂಪೈಲ್ ಆಗ್ತಾ ಇದೆ.”

“ಯಾವಾಗ ಮುಗಿಯುತ್ತೆ?”

“ಗೊತ್ತಿಲ್ಲ. ನಿನ್ನೆ ಅರ್ಧಕ್ಕೇ ನಿಂತುಹೋಯ್ತು.”

ಈ ಕೆಲಸ ನಿಂತಲ್ಲೇ ಅನೇಕ ವಿದ್ಯಾರ್ಥಿಗಳ ಉತ್ಸಾಹವೂ ನಿಂತುಬಿಡುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ, ದುಡ್ಡು ಕೊಟ್ಟರೆ ಸಿದ್ಧ ಪ್ರಾಜೆಕ್ಟ್ ಕೈಗಿಡುವವರ ಕಡೆಗೆ ಮನಸ್ಸು ವಾಲುತ್ತದೆ. ಅಲ್ಲಿಗೆ ತಂದೆ-ತಾಯಿಯ ಹಣವೂ ಹೋಯಿತು, ಮಕ್ಕಳಿಗೆ ಬರಬೇಕಾಗಿದ್ದ ವಿದ್ಯೆಯೂ ಹೋಯಿತು. ಆದರೆ ಕೆಲಸ ಹೀಗೆ ಅರ್ಧಕ್ಕೆ ನಿಲ್ಲಲು ಇರುವ ಕಾರಣಗಳು ಬೆರಳೆಣಿಕೆಯಷ್ಟು. ಒಮ್ಮೆ ತಿಳಿದುಕೊಂಡರೆ ಮುಂದೆ ಯಾವ ತಂತ್ರಾಂಶಕ್ಕೂ ಅದೇ ತಿಳಿವಳಿಕೆ ಸಾಕಾಗುತ್ತದೆ.

ಒಂದೇ ನಕ್ಷೆ, ಮೂರು ಊರು

ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಕಿಟಕಿ, ಗುಂಡಿ, ಪಟ್ಟಿಗಳನ್ನು ಪ್ರತಿ ಪ್ರೋಗ್ರಾಮರ್ ಮೊದಲಿನಿಂದ ಬರೆಯುವುದಿಲ್ಲ. ಅವನ್ನು ಮಾಡಿಕೊಡುವ ಸಿದ್ಧ ಸಂಕೇತಗಳ ಸಂಗ್ರಹವಿರುತ್ತದೆ. ಅದಕ್ಕೆ ಲೈಬ್ರರಿ ಎಂದು ಹೆಸರು. ತೊಡಕೆಂದರೆ ವಿಂಡೋಸ್, ಲಿನಕ್ಸ್ ಮತ್ತು ಆಪಲ್‌ನ ಮ್ಯಾಕ್ ಒಂದೊಂದೂ ತನ್ನದೇ ರೀತಿಯಲ್ಲಿ ಕಿಟಕಿ ತೆರೆಯುತ್ತವೆ. ವಿಂಡೋಸ್‌ಗೆಂದು ಬರೆದದ್ದು ಲಿನಕ್ಸ್‌ನಲ್ಲಿ ನಡೆಯದು.

ಈ ತೊಡಕು 1992ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಅನ್ವಯಗಳ ಸಂಸ್ಥೆಯಲ್ಲಿದ್ದ ಜೂಲಿಯನ್ ಸ್ಮಾರ್ಟ್ ಅವರಿಗೂ ಎದುರಾಯಿತು. ಅವರು ರಚಿಸುತ್ತಿದ್ದ ತಂತ್ರಾಂಶ ವಿಂಡೋಸ್‌ನಲ್ಲೂ ಯುನಿಕ್ಸ್ ಯಂತ್ರಗಳಲ್ಲೂ ನಡೆಯಬೇಕಾಗಿತ್ತು. ಮಾರುಕಟ್ಟೆಯಲ್ಲಿದ್ದ ಲೈಬ್ರರಿಗಳನ್ನು ಕೊಳ್ಳುವಷ್ಟು ಹಣ ಯೋಜನೆಯಲ್ಲಿರಲಿಲ್ಲ. ಹಾಗಾಗಿ ಅವರೇ ಒಂದನ್ನು ಬರೆದರು. ವಿಂಡೋಸ್‌ನ ‘ಡಬ್ಲ್ಯು’, ಯುನಿಕ್ಸ್‌ನ ಚಿತ್ರವ್ಯವಸ್ಥೆಯಾದ ಎಕ್ಸ್‌ನ ‘ಎಕ್ಸ್’ ಸೇರಿ ಅದು ‘ಡಬ್ಲ್ಯುಎಕ್ಸ್-ವಿಂಡೋಸ್’ ಆಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಕೋರಿಕೆಯ ಮೇಲೆ 2004ರಲ್ಲಿ ಅದರ ಹೆಸರು ‘ಡಬ್ಲ್ಯುಎಕ್ಸ್-ವಿಜೆಟ್ಸ್’ ಎಂದು ಬದಲಾಯಿತು.

ಇದರ ಕೆಲಸದ ರೀತಿಯನ್ನು ಮನೆ ಕಟ್ಟುವುದಕ್ಕೆ ಹೋಲಿಸಬಹುದು. ‘ಇಲ್ಲಿ ಬಾಗಿಲು, ಅಲ್ಲಿ ಕಿಟಕಿ’ ಎಂದು ನಕ್ಷೆ ಒಂದೇ. ಆದರೆ ಬಾಗಿಲನ್ನು ಮಾಡುವವನು ಆಯಾ ಊರಿನ ಬಡಗಿ. ವಿಂಡೋಸ್‌ನಲ್ಲಿ ವಿಂಡೋಸೇ ಗುಂಡಿಯನ್ನು ಬಿಡಿಸುತ್ತದೆ, ಲಿನಕ್ಸ್‌ನಲ್ಲಿ ಆ ಕೆಲಸವನ್ನು ಜಿಟಿಕೆ ಎಂಬ ಇನ್ನೊಂದು ಲೈಬ್ರರಿ ವಹಿಸಿಕೊಳ್ಳುತ್ತದೆ, ಮ್ಯಾಕ್‌ನಲ್ಲಿ ಕೊಕೊ. ಹಾಗಾಗಿ ಪ್ರೋಗ್ರಾಂ ಎಲ್ಲಿ ನಡೆದರೂ ಅಲ್ಲಿನದೇ ಎಂಬಂತೆ ಕಾಣುತ್ತದೆ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಸರ್ಕ್ಯೂಟ್ ಬೋರ್ಡ್ ವಿನ್ಯಾಸಕ್ಕೆ ಬಳಸುವ ಕಿಕ್ಯಾಡ್, ಕಡತ ಸಾಗಿಸುವ ಫೈಲ್‌ಜಿಲ್ಲ, ತಂತ್ರಾಂಶಗಳ ಅನುವಾದಕ್ಕೆ ಬಳಕೆಯಾಗುವ ಪೋಎಡಿಟ್ ಇವೆಲ್ಲ ಇದರ ಮೇಲೆ ನಿಂತವು.

ಕೊಂಡ ಹಿಟ್ಟೋ, ರುಬ್ಬಿದ ಹಿಟ್ಟೋ?

ಲಿನಕ್ಸ್‌ನಲ್ಲಿ ಈ ಲೈಬ್ರರಿ ಸಿದ್ಧರೂಪದಲ್ಲೇ ಸಿಗುತ್ತದೆ. ಅಂಗಡಿಯ ದೋಸೆಹಿಟ್ಟಿನ ಹಾಗೆ ತಂದು ಬಳಸಬಹುದು. ಅವಸರವಿದ್ದವರಿಗೆ ಅದೇ ಸರಿ, ಅದರಲ್ಲಿ ನಾಚಿಕೆಯೇನಿಲ್ಲ. ಹಾಗಿದ್ದರೆ ಮೂಲ ಸಂಕೇತವನ್ನು ತಂದು ಮನೆಯಲ್ಲೇ ರುಬ್ಬುವ ಶ್ರಮ ಏಕೆ?

ಕಾರಣಗಳು ಮೂರು. ಸಿದ್ಧರೂಪದಲ್ಲಿ ಸಿಗುವುದು ಹಳೆಯ ಆವೃತ್ತಿಯಾಗಿರಬಹುದು. ತಪ್ಪು ಹುಡುಕಲು ನೆರವಾಗುವ ‘ಡಿಬಗ್’ ರೂಪ ಬೇಕಾಗಬಹುದು. ಮೂರನೆಯದು ವಿಂಡೋಸ್ ಬಳಸುವವರಿಗೆ ಮುಖ್ಯ: ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಒಂದು ಕಂಪೈಲರ್ ತಯಾರಿಸಿದ ಲೈಬ್ರರಿ ಇನ್ನೊಂದಕ್ಕೆ ಹೊಂದುವುದಿಲ್ಲ. ಮೈಕ್ರೋಸಾಫ್ಟ್‌ನ ಕಂಪೈಲರಿನಿಂದಾದ ಲೈಬ್ರರಿಯನ್ನು ಮಿಂಗ್-ಡಬ್ಲ್ಯು ಕಂಪೈಲರಿಗೆ ಕೊಟ್ಟರೆ ಜೋಡಣೆಯ ಹಂತದಲ್ಲಿ ದೋಷಗಳ ದೊಡ್ಡ ಪಟ್ಟಿಯೇ ಬರುತ್ತದೆ. ತನ್ನ ಕಂಪೈಲರಿನಿಂದಲೇ ಲೈಬ್ರರಿಯನ್ನೂ ತಯಾರಿಸಿಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಮೊದಲ ಎಡವು

ಲಿನಕ್ಸ್‌ನಲ್ಲಿ ಕೆಲಸಕ್ಕೆ ಇಳಿಯುವ ಮುನ್ನ ಬೇಕಾದ ಸಲಕರಣೆ ಮೂರು: ಸಿ ಪ್ಲಸ್ ಪ್ಲಸ್ ಕಂಪೈಲರ್, ‘ಮೇಕ್’ ಎಂಬ ಮೇಸ್ತ್ರಿ ಮತ್ತು ಜಿಟಿಕೆ. ಉಬುಂಟುವಿನಲ್ಲಿ ಮೊದಲೆರಡೂ ‘ಬಿಲ್ಡ್-ಎಸೆನ್ಷಿಯಲ್’ ಎಂಬ ಒಂದೇ ಕಟ್ಟಿನಲ್ಲಿ ಬರುತ್ತವೆ. ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ಪರದೆಯ ಮೇಲಿರುವ ಕಿಟಕಿಗಳೆಲ್ಲ ಜಿಟಿಕೆಯವೇ ಆಗಿದ್ದರೂ ‘ಜಿಟಿಕೆ ಸಿಗಲಿಲ್ಲ’ ಎಂಬ ಸಂದೇಶ ಬರುತ್ತದೆ. ಕಣ್ಣೆದುರಿಗೇ ಇದೆಯಲ್ಲ ಎಂದು ವಿದ್ಯಾರ್ಥಿ ತಲೆ ಕೆರೆದುಕೊಳ್ಳುತ್ತಾನೆ.

ಇದ್ದದ್ದು ಪ್ರೋಗ್ರಾಂ ನಡೆಸಲು ಬೇಕಾದ ಜಿಟಿಕೆ; ಇಲ್ಲದಿರುವುದು ಪ್ರೋಗ್ರಾಂ ಕಟ್ಟಲು ಬೇಕಾದ ವಿವರ. ಕಂಪೈಲರಿಗೆ ಲೈಬ್ರರಿಯೊಳಗೆ ಏನೇನಿದೆ ಎಂದು ತಿಳಿಸುವ ‘ಹೆಡರ್’ ಕಡತಗಳು ಬೇರೆ ಕಟ್ಟಿನಲ್ಲಿರುತ್ತವೆ. ಉಬುಂಟುವಿನಲ್ಲಿ ಇಂಥ ಕಟ್ಟುಗಳ ಹೆಸರಿನ ಕೊನೆಗೆ ‘ಡೆವ್’ ಎಂದಿರುತ್ತದೆ. ‘ಲಿಬ್-ಜಿಟಿಕೆ-3-ಡೆವ್’ ಎಂಬುದನ್ನು ಹಾಕಿಕೊಂಡರೆ ದೂರು ನಿಲ್ಲುತ್ತದೆ. ಮುಂದೆ ಯಾವುದೇ ಲೈಬ್ರರಿ ‘ಸಿಗಲಿಲ್ಲ’ ಎಂದಾಗಲೂ ಮೊದಲು ನೋಡಬೇಕಾದದ್ದು ಈ ‘ಡೆವ್’ ಕಟ್ಟನ್ನೇ.

ಮೂಲ ಸಂಕೇತವನ್ನು ಯೋಜನೆಯ ಅಧಿಕೃತ ತಾಣದಿಂದಲೇ ತರಬೇಕು. ಸುಮಾರು 25 ಎಂಬಿಯ ಗಂಟು ಅದು. ಆವೃತ್ತಿಯ ಎರಡನೆಯ ಅಂಕಿಯನ್ನು ಗಮನಿಸುವುದು ಒಳ್ಳೆಯದು: ಅದು ಸಮಸಂಖ್ಯೆಯಾಗಿದ್ದರೆ ನೆಲೆನಿಂತ ಆವೃತ್ತಿ, ಬೆಸಸಂಖ್ಯೆಯಾಗಿದ್ದರೆ ಇನ್ನೂ ಬೆಳೆಯುತ್ತಿರುವುದು. 3.2ರ ಸರಣಿ 2022ರ ಜುಲೈನಲ್ಲಿ ಹೊರಬಂದಿತು. ಗಂಟನ್ನು ಬಿಚ್ಚುವ ಫೋಲ್ಡರಿನ ಹೆಸರಿನಲ್ಲಿ ನಡುವೆ ಖಾಲಿ ಜಾಗ ಇರಬಾರದು. ‘ನನ್ನ ಪ್ರಾಜೆಕ್ಟ್’ ಎಂಬಂಥ ಎರಡು ಪದಗಳ ಹೆಸರಿಟ್ಟು, ಏನೂ ತಪ್ಪಿಲ್ಲದೆ ಗಂಟೆಗಟ್ಟಲೆ ಪೇಚಾಡಿದವರಿದ್ದಾರೆ.

ಮೂರು ಆದೇಶಗಳ ಮಂತ್ರ

ಇನ್ನು ಕಟ್ಟುವ ಕೆಲಸ. ಬಿಚ್ಚಿದ ಫೋಲ್ಡರಿನೊಳಗೆ ‘ಬಿಲ್ಡ್-ಜಿಟಿಕೆ’ ಎಂದೋ ಮತ್ತೇನೋ ಹೆಸರಿನ ಹೊಸ ಫೋಲ್ಡರನ್ನು ಮಾಡಿಕೊಂಡು ಅಲ್ಲಿಂದಲೇ ಎಲ್ಲ ಆದೇಶಗಳನ್ನು ಕೊಡಬೇಕು. ಮೂಲ ಸಂಕೇತ ಒಂದು ಕಡೆ, ತಯಾರಾದ ಸರಕು ಇನ್ನೊಂದು ಕಡೆ. ಏನಾದರೂ ಕೆಟ್ಟರೆ ಈ ಹೊಸ ಫೋಲ್ಡರನ್ನು ಅಳಿಸಿ ಮತ್ತೆ ಆರಂಭಿಸಿದರಾಯಿತು, ಮೂಲಕ್ಕೆ ಧಕ್ಕೆಯಿಲ್ಲ.

ಮೊದಲ ಆದೇಶ ‘ಕಾನ್ಫಿಗರ್’. ಇದು ಮನೆ ಕಟ್ಟುವ ಮುನ್ನ ನಿವೇಶನ ನೋಡಲು ಬರುವ ಎಂಜಿನಿಯರ್ ಇದ್ದಂತೆ. ಯಾವ ಕಂಪೈಲರ್ ಇದೆ, ಜಿಟಿಕೆ ಇದೆಯೇ, ಚಿತ್ರಗಳನ್ನು ಓದುವ ಲೈಬ್ರರಿಗಳಿವೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ ಕೊನೆಗೆ ಒಂದು ಸಾರಾಂಶ ಕೊಡುತ್ತದೆ. ಆ ಕೆಲವು ಸಾಲುಗಳನ್ನು ಓದದೆ ಮುಂದೆ ಹೋಗುವುದು ಅವಸರದ ತಪ್ಪು. ಜಿಟಿಕೆ 3 ಎಂದು ಅಲ್ಲಿ ಬರೆದಿದೆಯೇ ಎಂದು ನೋಡಿಕೊಳ್ಳಬೇಕು.

ಎರಡನೆಯ ಆದೇಶ ‘ಮೇಕ್’. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ಸಾಧನದ ವಂಶದ್ದು ಇದು. ನೂರಾರು ಕಡತಗಳನ್ನು ಒಂದಾದ ಮೇಲೊಂದರಂತೆ ಕಂಪೈಲರಿಗೆ ಒಪ್ಪಿಸುತ್ತದೆ. ತಾಯಿ ನೋಡಿ ಗಾಬರಿಯಾದ ಸಾಲುಗಳು ಇವೇ. ಯಂತ್ರದ ಶಕ್ತಿಗೆ ತಕ್ಕಂತೆ ಕೆಲವು ನಿಮಿಷಗಳಿಂದ ಒಂದು ಗಂಟೆಗೂ ಮೀರಿ ಇದು ನಡೆಯಬಹುದು.

ಆದೇಶದ ಜೊತೆ ‘ಜೆ’ ಅಕ್ಷರವನ್ನೂ ಒಂದು ಸಂಖ್ಯೆಯನ್ನೂ ಕೊಟ್ಟರೆ ಅಷ್ಟು ಕಡತಗಳು ಒಟ್ಟೊಟ್ಟಿಗೆ ಕಂಪೈಲ್ ಆಗುತ್ತವೆ. ಬೇಗ ಮುಗಿಯಲೆಂದು ಇಲ್ಲಿ ದೊಡ್ಡ ಸಂಖ್ಯೆ ಕೊಡುವ ಆಸೆ ಸಹಜ. ಆದರೆ ಒಂದೊಂದು ಕೆಲಸವೂ ಮೆಮೊರಿ ಬೇಡುತ್ತದೆ. ನಾಲ್ಕು ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಎಂಟು ಕೆಲಸ ಹಚ್ಚಿದರೆ ಮೆಮೊರಿ ಸಾಲದೆ ವ್ಯವಸ್ಥೆಯೇ ಕಂಪೈಲರನ್ನು ಕೊಂದುಹಾಕಬಹುದು. ‘ಕಿಲ್ಡ್’ ಎಂಬ ಒಂದೇ ಪದ ಕಂಡರೆ ಅದು ಸಂಕೇತದ ತಪ್ಪಲ್ಲ. ಸಂಖ್ಯೆಯನ್ನು ಎರಡಕ್ಕೆ ಇಳಿಸಿ ಮತ್ತೆ ಆದೇಶ ಕೊಟ್ಟರಾಯಿತು. ಸಮಾಧಾನದ ಸಂಗತಿಯೆಂದರೆ ‘ಮೇಕ್’ ಆಗಲೇ ಮುಗಿದ ಕಡತಗಳನ್ನು ಮತ್ತೆ ಮುಟ್ಟುವುದಿಲ್ಲ, ನಿಂತಲ್ಲಿಂದ ಮುಂದುವರಿಸುತ್ತದೆ. ನಿನ್ನೆಯ ಅರ್ಧ ರಾತ್ರಿ ವ್ಯರ್ಥವಾಗಿರುವುದಿಲ್ಲ.

ದೋಷ ಬಂದಾಗ ಪರದೆಯ ಕೊನೆಯ ಸಾಲನ್ನೇ ಓದಿ ಕಂಗೆಡುವುದು ಇನ್ನೊಂದು ಅಭ್ಯಾಸ. ಕೊನೆಯ ಸಾಲು ‘ಕೆಲಸ ಕೆಟ್ಟಿತು’ ಎಂದಷ್ಟೇ ಹೇಳುತ್ತದೆ. ಏಕೆ ಕೆಟ್ಟಿತೆಂಬುದು ಮೇಲಿರುತ್ತದೆ. ಮೇಲಕ್ಕೆ ಸರಿಸಿ ಮೊತ್ತಮೊದಲ ದೋಷವನ್ನು ಹುಡುಕಬೇಕು. ಅನೇಕ ವೇಳೆ ಉಳಿದ ದೋಷಗಳೆಲ್ಲ ಅದರ ಸಂತಾನವೇ ಆಗಿರುತ್ತವೆ.

ಮೂರನೆಯ ಆದೇಶ ‘ಮೇಕ್ ಇನ್‌ಸ್ಟಾಲ್’. ಇದಕ್ಕೆ ಯಂತ್ರದ ಯಜಮಾನನ ಅಧಿಕಾರ ಬೇಕು. ಇದಾದ ಮೇಲೆ ‘ಎಲ್‌ಡಿ-ಕಾನ್ಫಿಗ್’ ಎಂಬ ಸಣ್ಣ ಆದೇಶವನ್ನು ಮರೆಯಬಾರದು. ಮರೆತರೆ ಪ್ರೋಗ್ರಾಂ ತಯಾರಾಗುತ್ತದೆ, ಆದರೆ ನಡೆಸಿದಾಗ ಲೈಬ್ರರಿಯ ಕಡತ ತೆರೆಯಲಾಗಲಿಲ್ಲ ಎಂದು ದೂರುತ್ತದೆ. ಲೈಬ್ರರಿ ಬಂದಿದೆ, ಅದರ ವಿಳಾಸ ವ್ಯವಸ್ಥೆಗೆ ತಿಳಿದಿಲ್ಲ, ಅಷ್ಟೇ.

ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಯಜಮಾನನ ಗುಪ್ತಪದ ಇರುವುದಿಲ್ಲ. ಅಲ್ಲಿಗೇ ಕೈಚೆಲ್ಲಬೇಕಾಗಿಲ್ಲ. ‘ಕಾನ್ಫಿಗರ್’ ಮಾಡುವಾಗಲೇ ‘ಪ್ರಿಫಿಕ್ಸ್’ ಎಂಬ ಸೂಚನೆಯೊಂದಿಗೆ ತನ್ನ ಸ್ವಂತ ಫೋಲ್ಡರಿನ ವಿಳಾಸ ಕೊಟ್ಟರೆ ಎಲ್ಲವೂ ಅಲ್ಲೇ ಬಂದು ಕೂರುತ್ತದೆ. ಯಾರ ಅಪ್ಪಣೆಯೂ ಬೇಡ. ಜೊತೆಗೆ ‘ಡಿಸೇಬಲ್-ಶೇರ್ಡ್’ ಎಂದು ಸೂಚಿಸಿದರೆ ಈ ಲೈಬ್ರರಿ ಪ್ರೋಗ್ರಾಮಿನೊಳಗೇ ಬೆರೆತುಹೋಗುತ್ತದೆ. ವಿಳಾಸ ಹುಡುಕುವ ತಾಪತ್ರಯ ತಪ್ಪುತ್ತದೆ.

ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೊ ಬಳಸುವವರಿಗೆ ‘ಬಿಲ್ಡ್’ ಫೋಲ್ಡರಿನೊಳಗಿನ ‘ಎಂಎಸ್‌ಡಬ್ಲ್ಯು’ ಎಂಬಲ್ಲಿ ಸಿದ್ಧ ಪ್ರಾಜೆಕ್ಟ್ ಕಡತವೇ ಇದೆ. ತೆರೆದು ‘ಬಿಲ್ಡ್’ ಒತ್ತಿದರಾಯಿತು. ಎಚ್ಚರ ಬೇಕಾದದ್ದು ಒಂದೇ: ಲೈಬ್ರರಿಯನ್ನು ‘ಡಿಬಗ್’ ರೂಪದಲ್ಲಿ ತಯಾರಿಸಿದ್ದರೆ ಪ್ರೋಗ್ರಾಮನ್ನೂ ‘ಡಿಬಗ್’ ರೂಪದಲ್ಲೇ ತಯಾರಿಸಬೇಕು, ‘ರಿಲೀಸ್’ ಆದರೆ ‘ರಿಲೀಸ್’.

ಮೊದಲ ಕಿಟಕಿ

ಸ್ವಂತ ಪ್ರೋಗ್ರಾಂ ಬರೆಯುವ ಮುನ್ನ, ಲೈಬ್ರರಿಯ ಜೊತೆಗೇ ಬರುವ ‘ಮಿನಿಮಲ್’ ಎಂಬ ಮಾದರಿಯನ್ನು ಕಂಪೈಲ್ ಮಾಡಿ ನೋಡುವುದು ಜಾಣತನ. ಮೆನು ಇರುವ ಒಂದು ಸಣ್ಣ ಕಿಟಕಿ ತೆರೆದರೆ ಲೈಬ್ರರಿ ಸರಿಯಾಗಿದೆ ಎಂದರ್ಥ. ಮುಂದೆ ಬರುವ ತಪ್ಪು ಏನಿದ್ದರೂ ತನ್ನ ಬರವಣಿಗೆಯದೇ.

ಸ್ವಂತ ಪ್ರೋಗ್ರಾಮಿಗೆ ಯಾವ ಯಾವ ಕಡತ ಸೇರಬೇಕೆಂದು ನೆನಪಿಟ್ಟುಕೊಳ್ಳಬೇಕಾಗಿಲ್ಲ. ‘ಡಬ್ಲ್ಯುಎಕ್ಸ್-ಕಾನ್ಫಿಗ್’ ಎಂಬ ಸಹಾಯಕ ಅದನ್ನೆಲ್ಲ ಹೇಳಿಕೊಡುತ್ತದೆ. ಅದರ ಹೆಸರನ್ನು ಕಂಪೈಲರಿನ ಆದೇಶದಲ್ಲಿ ಸೇರಿಸುವಾಗ ಹಾಕುವ ಚಿಹ್ನೆ ಮಾಮೂಲಿ ಉದ್ಧರಣ ಚಿಹ್ನೆಯಲ್ಲ, ಕೀಲಿಮಣೆಯಲ್ಲಿ ‘ಎಸ್ಕೇಪ್’ ಕೀಲಿಯ ಕೆಳಗಿರುವ ಹಿಂಬಾಗಿದ ಚಿಹ್ನೆ. ಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಇಲ್ಲಿ ಮೋಸಹೋಗುವವರು ಬಹಳ. ಸಹಾಯಕನ ಹೆಸರು ಪ್ರೋಗ್ರಾಮಿನ ಕಡತದ ಹೆಸರಾದ ಮೇಲೆ ಬರಬೇಕೆಂಬುದೂ ನೆನಪಿರಲಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಇಲ್ಲೊಂದು ಖುಷಿಯ ವಿಷಯವಿದೆ. ಈ ಲೈಬ್ರರಿ ಯುನಿಕೋಡನ್ನು ಬಳಸುತ್ತದೆ. ಲಿನಕ್ಸ್‌ನಲ್ಲಿ ಜಿಟಿಕೆಯ ಹಿಂದಿರುವ ಪ್ಯಾಂಗೊ, ಹಾರ್ಫ್‌ಬಜ್ ಎಂಬ ಲೈಬ್ರರಿಗಳು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತವೆ. ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಿ, ಅಕ್ಷರಗಳನ್ನು ‘ಫ್ರಮ್-ಯುಟಿಎಫ್-8’ ಎಂಬ ವಿಧಾನದಿಂದ ಕೊಟ್ಟರೆ ಗುಂಡಿಯ ಮೇಲೆ ‘ಉಳಿಸು’, ‘ಮುಚ್ಚು’ ಎಂದು ಕನ್ನಡದಲ್ಲೇ ಬರುತ್ತದೆ. ಅಜ್ಜಿಯ ಔಷಧಿಯ ವೇಳಾಪಟ್ಟಿಗೋ ತಂದೆಯ ಅಂಗಡಿಯ ಲೆಕ್ಕಕ್ಕೋ ಕನ್ನಡದ ಪ್ರೋಗ್ರಾಂ ಬರೆಯಲು ಇನ್ಯಾವ ಅಡ್ಡಿ?

ತಂದೆ-ತಾಯಿಯರು ತಿಳಿಯಬೇಕಾದ ಮಾತೂ ಒಂದಿದೆ. ಈ ಲೈಬ್ರರಿಗೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಇದರಿಂದ ತಯಾರಿಸಿದ ಪ್ರೋಗ್ರಾಮನ್ನು ಮಾರಿ ಹಣ ಗಳಿಸುವುದಕ್ಕೂ ಇದರ ಪರವಾನಗಿಯಲ್ಲಿ ಅವಕಾಶವಿದೆ. ಕದ್ದ ಪ್ರತಿಗಳ ಹಂಗಿಲ್ಲ, ದುಬಾರಿ ಯಂತ್ರದ ಒತ್ತಾಯವಿಲ್ಲ. ಬೇಕಾಗಿರುವುದು ತಾಳ್ಮೆ, ಮತ್ತು ದೋಷದ ಸಂದೇಶವನ್ನು ಹೆದರದೆ ಓದುವ ಅಭ್ಯಾಸ. ಕೊಂಡು ತಂದ ಪ್ರಾಜೆಕ್ಟಿಗೆ ಅಂಕ ಬರಬಹುದು. ಆದರೆ ‘ಇದು ಇಲ್ಲಿ ಏಕೆ ನಿಂತಿತು?’ ಎಂದು ನಾಳೆ ಕೆಲಸ ಕೊಡುವವರು ಕೇಳಿದಾಗ ಉತ್ತರ ಹೇಳುವವರು, ನಿಂತದ್ದನ್ನು ತಾವೇ ಮುಂದಕ್ಕೆ ನಡೆಸಿದವರು ಮಾತ್ರ.

ಹಾಗಾಗಿ ಮುಂದಿನ ಸಲ ಮಗಳ ಪರದೆಯ ಮೇಲೆ ಅಕ್ಷರಗಳು ಓಡುತ್ತಿದ್ದರೆ ತಾಯಿ ಗಾಬರಿಪಡಬೇಕಾಗಿಲ್ಲ. ಒಂದು ಲೋಟ ಹಾಲು ತಂದಿಟ್ಟು, “ಮೊದಲನೇ ದೋಷ ಯಾವುದು ನೋಡಿದೆಯಾ?” ಎಂದು ಕೇಳಿದರೆ ಸಾಕು.