ಮಂಗಟ್ಟೆ ಗೂಡು ತೋರಿಸೋ ದುಡ್ಡು ನಮಗೆ ಬೇಡ

ಅಡಿಕೆ ಕೆಲಸ ಮುಗೀತಾ ಬಂತು, ಇತ್ತ ಕ್ಯಾಮೆರಾದವರ ಸೀಸನ್ ಜೋರಾಗಿದೆ. ಮೊದಲು ದಾಂಡೇಲಿ, ಗಣೇಶಗುಡಿಗೆ ಬಂದು ವಾಪಸ್ ಹೋಗ್ತಿದ್ದವರು ಈಗ ನಮ್ಮ ಬೆಟ್ಟದ ತನಕ ಬರ್ತಿದ್ದಾರೆ. ಹೋದ ವಾರ ನಮ್ಮ ಕಡೆಯ ಇಬ್ಬರು ಹುಡುಗರು ಮಂಗಟ್ಟೆ ಗೂಡು ತೋರಿಸಿ ತಲೆಗೆ 500 ರೂಪಾಯಿ ತಗೊಂಡ್ರಂತೆ. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಎಲೆಚುಕ್ಕೆ ರೋಗ ಬಂದ ಮೇಲೆ ತೋಟ ಎಷ್ಟು ಕೊಡ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಈ ದುಡ್ಡು ಬೇಡ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೇನೆ.

ದಾಂಡೇಲಿ ಸುತ್ತ ನಾಲ್ಕು ಜಾತಿ ಮಂಗಟ್ಟೆ ಇವೆ. ತಲೆ ಮೇಲೆ ಹಳದಿ ಟೋಪಿ ಇಟ್ಟ ದೊಡ್ಡ ಮಂಗಟ್ಟೆ, ಕಪ್ಪು ಬಿಳಿ ಮಂಗಟ್ಟೆ, ಬಯಲುಸೀಮೆಯಲ್ಲೂ ಸಿಗೋ ಬೂದು ಮಂಗಟ್ಟೆ, ಮತ್ತೆ ಮಲಬಾರ್ ಬೂದು ಮಂಗಟ್ಟೆ. ಮೊದಲ ಮೂರೂ ಬೇರೆ ಕಡೆ ಇವೆ. ದೊಡ್ಡದಂತೂ ಅಸ್ಸಾಂ ದಾಟಿ ಥಾಯ್ಲೆಂಡ್, ಮಲೇಶಿಯಾದಲ್ಲೂ ಇದೆ. ನಾಲ್ಕನೆಯದು ಮಾತ್ರ ಪಶ್ಚಿಮ ಘಟ್ಟ ಬಿಟ್ಟರೆ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ. ನೋಡೋಕೆ ಅಂಥ ಚಂದವೂ ಅಲ್ಲ. ಟೋಪಿ ಇಲ್ಲ, ಮೈ ಬೂದಿ ಬಣ್ಣ, ಕೂಗಿದ್ರೆ ಯಾರೋ ಕುಡಿದು ನಕ್ಕ ಹಾಗೆ. ನಮಗೆ ದಿನಾ ಕೇಳಿ ಬೇಜಾರು ಬಂದ ಈ ನಗು ಕೇಳೋಕೆ ಜನ ವಿಮಾನ ಹತ್ತಿ ಬರ್ತಾರೆ ಮಾರಾಯ್ರೆ! ಅದು ಅಪಾಯದಲ್ಲಿರೋ ಜಾತಿ ಅಂತ ಐಯುಸಿಎನ್ ಕೆಂಪು ಪಟ್ಟಿಯಲ್ಲೂ ಸೇರಿದೆ.

ಇನ್ನು ಗೂಡಿನ ವಿಷಯ. ಮಂಗಟ್ಟೆಗೆ ಮರಕುಟಿಗನ ಹಾಗೆ ಮರ ಕೊರೆಯೋಕೆ ಬರೋದಿಲ್ಲ. ಹಳೇ ಮರದಲ್ಲಿ ತಾನಾಗಿ ಆದ ಪೊಟರೆಯೇ ಬೇಕು. ಹೆಣ್ಣು ಒಳಗೆ ಹೋಗಿ ಹಿಕ್ಕೆ, ಹಣ್ಣಿನ ಸಿಪ್ಪೆ ಮೆತ್ತಿ ಬಾಗಿಲು ಮುಚ್ಚಿಕೊಳ್ತದೆ. ಕೊಕ್ಕು ತೂರಿಸುವಷ್ಟು ಸೀಳು ಮಾತ್ರ ಉಳೀತದೆ. ಅಲ್ಲಿಂದ ಅದು ಬಾಣಂತಿ ಇದ್ದ ಹಾಗೆ. ಗಂಡು ಕಾಡೆಲ್ಲ ತಿರುಗಿ, ಅತ್ತಿ, ಬಸರಿ, ಆಲದ ಹಣ್ಣನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದೇ ಕಕ್ಕಿ ಆ ಸೀಳಿನಲ್ಲಿ ಕೊಡಬೇಕು. ಮರದ ಬುಡದಲ್ಲಿ ಆರೇಳು ಜನ ಸ್ಟ್ಯಾಂಡ್ ಹಾಕಿ ನಿಂತ್ರೆ ಗಂಡು ಹತ್ತಿರ ಬರೋಕೆ ಹೆದರ್ತದೆ, ದೂರದ ಮರದಲ್ಲೇ ಕೂತು ಕಾಯ್ತದೆ. ಒಳಗಿರೋದಕ್ಕೆ ಹೊರಗೆ ಹೋಗಿ ತಿನ್ನೋ ದಾರಿ ಇಲ್ಲ. ಫೋಟೋ ತೆಗೆಯುವವರು ಎರಡು ತಾಸು ಅಂತಾರೆ. ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಇನ್ನೊಂದು ತಂಡ ಬಂದರೆ ಲೆಕ್ಕ ನೀವೇ ಹಾಕಿ.

ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು ಇನ್ನೊಂದು ಚಟ. ಬೇರೆ ಗಂಡು ತನ್ನ ಜಾಗಕ್ಕೆ ನುಗ್ಗಿತು ಅಂತ ಹಕ್ಕಿ ಮರಿ ಬಿಟ್ಟು ಜಗಳಕ್ಕೆ ಬರ್ತದೆ. ಬಂದು ನೋಡಿದ್ರೆ ಯಾರೂ ಇಲ್ಲ. ಕಪ್ಪೆಬಾಯಿ ಹಕ್ಕಿ ಅಂತ ಇದೆ, ಹಗಲೆಲ್ಲ ಒಣ ಎಲೆಯ ಹಾಗೆ ಟೊಂಗೆ ಮೇಲೆ ಅಲ್ಲಾಡದೆ ಕೂರೋದು. ನಮ್ಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಅದೂ ಎಲ್ಲೂ ಇಲ್ಲ. ಅದು ಇಡೋದು ಒಂದೇ ಮೊಟ್ಟೆ, ಹಗಲು ಕಾವು ಕೊಡೋದು ಗಂಡು. ಅದನ್ನು ಎಬ್ಬಿಸಿದ್ರೆ ಆ ವರ್ಷದ ಸಂಸಾರವೇ ಹೋಯ್ತು ಅಂತ ಲೆಕ್ಕ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಗೇಟಿದೆ, ಗಾರ್ಡ್ ಇದ್ದಾರೆ. ನಮ್ಮ ಬೆಟ್ಟಕ್ಕೆ ಗೇಟಿಲ್ಲ. ಅದಕ್ಕೇ ಒಳಗೆ ಆಗದ್ದನ್ನು ಮಾಡೋಕೆ ಹೊರಗೆ ಬರ್ತಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಗೂಡು, ಮೊಟ್ಟೆಗೆ ತೊಂದರೆ ಕೊಡೋದೂ ಬೇಟೆಯ ಲೆಕ್ಕಕ್ಕೇ ಬರ್ತದೆ. ಕೇಸಾದರೆ ಕ್ಯಾಮೆರಾದವರು ಊರಿಗೆ ಹೋಗಿರ್ತಾರೆ, ಸಿಕ್ಕಿಬೀಳೋದು ದಾರಿ ತೋರಿಸಿದ ನಮ್ಮ ಹುಡುಗರು.

ಹಾಗಂತ ಹಕ್ಕಿ ನೋಡೋಕೆ ಬರೋರನ್ನು ಓಡಿಸಿ ಅಂತಿಲ್ಲ. ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್ ನೋಡಿ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡ್ತಿದ್ದ ಜಾಗ ಅದು. ಈಗ ಅಲ್ಲಿ ಹಕ್ಕಿಗೆ ಸ್ನಾನದ ನೀರು ಇಟ್ಟಿದ್ದಾರೆ, ಜನ ದೂರ ಕೂತು ನೋಡ್ತಾರೆ. ಕೆಂಪು ಗಂಟಲಿನ ಪಿಕಳಾರ ಅಲ್ಲಿಗೆ ತಾನಾಗೇ ಬರ್ತದೆ. ಅದೂ ನಮ್ಮ ಕಡೆಯದೇ ಹಕ್ಕಿ. ನೀರಿಗೆ ಬಂದ ಹಕ್ಕಿಯನ್ನು ತೋರಿಸಿ, ಚಾ ತಿಂಡಿ ಕೊಟ್ಟು, ದುಡ್ಡು ಧಾರಾಳವಾಗಿ ತಗೊಳ್ಳಿ. ಅದರಲ್ಲಿ ನಾಚಿಕೆ ಏನಿಲ್ಲ, 500 ಯಾಕೆ, ಜಾಸ್ತಿಯೇ ಕೇಳಿ. ಗೂಡಿನ ಹತ್ತಿರ ಮಾತ್ರ ಬೇಡ.

ಇನ್ನೊಂದು ಮಾತು, ಇದು ಕ್ಯಾಮೆರಾದವರಿಗಲ್ಲ, ನಮಗೇ. ಬೆಟ್ಟದಲ್ಲಿ ಸೌದೆ ಅಂದ ಕೂಡಲೇ ನಾವು ಮೊದಲು ಕೊಡಲಿ ಹಾಕೋದು ಪೊಟರೆ ಬಿದ್ದ ಮರಕ್ಕೆ. ಹಲಗೆಗೆ ಬರೋದಿಲ್ಲ, ಇನ್ಯಾಕೆ ಅಂತ. ಮಂಗಟ್ಟೆಗೆ ಬೇಕಾದ್ದು ಸರಿಯಾಗಿ ಅದೇ ಮರ. ರಾಮಪತ್ರೆಯದೂ ಅದೇ ಕತೆ. ರೇಟು ಬಂತು ಅಂತ ಕಾಯಿ ಬಲಿಯೋ ಮೊದಲೇ ಟೊಂಗೆ ಸಮೇತ ಕಡಿದು ಇಳಿಸ್ತಾರೆ. ಆ ಕಾಯಿ ಬಿರಿದ ಮೇಲೆ ತಿಂದು ಬೀಜ ದೂರ ಒಯ್ದು ಹಾಕೋದು ಇದೇ ಮಂಗಟ್ಟೆ. ಕಡಿದ ಟೊಂಗೆ ಮುಂದಿನ ವರ್ಷ ನಮಗೂ ಕಾಯಿ ಕೊಡೋದಿಲ್ಲ. ದೋಟಿಯಲ್ಲಿ ಎಟುಕುವಷ್ಟು ಕೊಯ್ಯಿರಿ, ತುದಿಯದ್ದು ಅದಕ್ಕಿರಲಿ.

ನೀರು ಇಡುವವರಿಗೆ: ಅಗಲ ತಟ್ಟೆ ಸಾಕು, ಆಳ ಎರಡು ಇಂಚು ದಾಟೋದು ಬೇಡ, ನಡುವೆ ಒರಟು ಕಲ್ಲು ಇಡಿ. ದಿನಾ ಬೆಳಿಗ್ಗೆ ತಿಕ್ಕಿ ತೊಳೆದು ಹೊಸ ನೀರು ಹಾಕಿ. ಬೆಕ್ಕು ಅಡಗಿ ಕೂರೋ ಪೊದೆಯಿಂದ ದೂರ ಇರಲಿ. ತೋಟಕ್ಕೆ ಔಷಧಿ ಹೊಡೆದ ದಿನ ಮಗುಚಿ ಇಟ್ಟುಬಿಡಿ.