ಊಟದ ಹೆಸರು, ಊರಿನ ಋಣ

"ರುಚಿಯಿದ್ದರೆ ಸಾಕು, ಹೆಸರಿನ ಹಂಗೇಕೆ?" ಎಂಬ ಮಾತು ನಮ್ಮ ಬಳಗದಲ್ಲಿ ಆಗಾಗ ಕೇಳಿಬರುತ್ತದೆ. ಔದಾರ್ಯದ ವೇಷ ತೊಟ್ಟ ಈ ಮಾತಿನ ಒಳಗಿರುವುದು ಆಲಸ್ಯ. ಹೊರನಾಡ ಕನ್ನಡಿಗರ ಬಾಯಲ್ಲಂತೂ ಅದು ಶೋಭಿಸದು.

ಮುಂಬಯಿಯ ನಮ್ಮ ಉಪನಗರದಲ್ಲಿ ಈಚೆಗೆ ತೆರೆದಿರುವ ಹೋಟೆಲೊಂದರಲ್ಲಿ ಗ್ರೀಕ್ ಅಡುಗೆಯನ್ನು ಸವಿಯುವ ಅವಕಾಶ ನನಗೊದಗಿತು. ಗಟ್ಟಿ ಮೊಸರಿಗೆ ಸೌತೆಕಾಯಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಬೆರೆಸಿದ ತ್ಸಾತ್ಸೀಕಿ ನಮ್ಮ ಸೌತೆಕಾಯಿ ಪಚಡಿಯ ದೂರದ ನಂಟನಂತಿತ್ತು. ದ್ರಾಕ್ಷಿಯ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ದೊಲ್ಮಾದೆಸ್, ಪತ್ರೊಡೆಯ ನಾಡಿನವನಾದ ನನಗೆ ಅಪರಿಚಿತವೆನಿಸಲಿಲ್ಲ. ಅಡುಗೆಯವರ ಕೈಗುಣದ ಬಗ್ಗೆ ನನ್ನ ಆಕ್ಷೇಪವಿಲ್ಲ. ಆಕ್ಷೇಪವಿರುವುದು ತಿಂಡಿಪಟ್ಟಿಯ ಬಗ್ಗೆ. ಗ್ರೀಕರ ಸುವ್ಲಾಕಿ, ಅರಬರ ಹಮ್ಮಸ್ ಎಲ್ಲವೂ ಅಲ್ಲಿ 'ಮೆಡಿಟರೇನಿಯನ್' ಎಂಬ ಒಂದೇ ತಲೆಬರಹದ ಕೆಳಗಿದ್ದವು. ತರಕಾರಿಯ ಮೇಲೆ ಉದುರಿಸಿದ್ದು ಪನೀರು, ಪಟ್ಟಿಯಲ್ಲಿ ಅದರ ಹೆಸರು 'ಫೆಟಾ'! ವಿಚಾರಿಸಿದಾಗ ಬಂದ ಉತ್ತರ: "ಎಲ್ಲಾ ಒಂದೇ, ಸಾಹೇಬರೇ."

ಈ 'ಎಲ್ಲಾ ಒಂದೇ' ನಮಗೆ ಹೊಸತೇ? ಮದ್ರಾಸ್ ರಾಜ್ಯವು 1969ರಲ್ಲಿ ತಮಿಳುನಾಡಾಯಿತು, ಮೈಸೂರು ರಾಜ್ಯವು 1973ರಲ್ಲಿ ಕರ್ನಾಟಕವಾಯಿತು. ಆದರೂ ಉತ್ತರದವರ ನಾಲಗೆಯಲ್ಲಿ ಕಾಸರಗೋಡಿನಿಂದ ಬೀದರಿನವರೆಗೆ ಎಲ್ಲರೂ 'ಮದ್ರಾಸಿ'ಗಳಾಗಿಯೇ ಉಳಿದರು. 1960ರ ದಶಕದ ಕೊನೆಯಲ್ಲಿ ಇದೇ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ, ಉಡುಪಿ ಹೋಟೆಲುಗಳ ಮೇಲೆ ದಾಳಿ ನಡೆಸಿದವರು ಕನ್ನಡಿಗ, ತಮಿಳ ಎಂದು ವಿಂಗಡಿಸಲಿಲ್ಲ. ಹೆಸರು ಅಳಿಸುವುದು ನಿರಪಾಯಕಾರಿ ಮರೆವಲ್ಲವೆಂಬುದನ್ನು ಅನುಭವಿಸಿ ಬಲ್ಲ ನಾವು ಗ್ರೀಕರಿಗೆ ಅದನ್ನೇ ಹೇಗೆ ಮಾಡೋಣ?

ಗ್ರೀಕರು ಈ ವಿಷಯದಲ್ಲಿ ಸುಮ್ಮನೆ ಕುಳಿತವರಲ್ಲ. ಫೆಟಾದಲ್ಲಿ ಕುರಿಯ ಹಾಲು ಕನಿಷ್ಠ ಶೇಕಡ 70ರಷ್ಟಿರಬೇಕು, ಉಳಿದದ್ದು ಮೇಕೆಯದು. 2002ರಲ್ಲಿ ಐರೋಪ್ಯ ಒಕ್ಕೂಟ ಆ ಹೆಸರನ್ನು ಗ್ರೀಸಿಗೆ ಮೀಸಲಿಟ್ಟಿತು. ಜರ್ಮನಿ, ಡೆನ್ಮಾರ್ಕ್‌ಗಳು ಅದನ್ನು ಪ್ರಶ್ನಿಸಿ, 2005ರಲ್ಲಿ ಒಕ್ಕೂಟದ ನ್ಯಾಯಾಲಯದಲ್ಲಿ ಸೋತವು. ಧಾರವಾಡ ಪೇಡಕ್ಕೂ ಬ್ಯಾಡಗಿ ಮೆಣಸಿನಕಾಯಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಹಿಗ್ಗಿದ ನಮಗೆ ಈ ಹೋರಾಟದ ಅರ್ಥ ತಿಳಿಯದೇನು?

ಹೆಸರಿನ ಹಟವು ಶುದ್ಧಿಯ ಹುಚ್ಚಿಗೆ ದಾರಿಯಾಗದೇ ಎಂದು ಕೇಳುವವರಿದ್ದಾರೆ. ಆ ಅಪಾಯವೂ ಗ್ರೀಸಿನಲ್ಲೇ ಕಂಡಿದೆ. ಕಳೆದ ಶತಮಾನದ ಮೊದಲರ್ಧದ ಪ್ರಸಿದ್ಧ ಪಾಕಶಾಸ್ತ್ರಜ್ಞ ನಿಕೊಲಾಓಸ್ ತ್ಸೆಲೆಮೆಂತೆಸ್ ಗ್ರೀಕ್ ಅಡುಗೆಯಿಂದ ತುರ್ಕಿಯ ಪ್ರಭಾವವನ್ನು ತೊಳೆಯಹೊರಟು, ಬದನೆಯ ಮುಸಾಕಾದ ಮೇಲೆ ಫ್ರೆಂಚರ ಬೆಶಮೆಲ್ ಹೊದಿಸಿದ. ನೆರೆಯವನ ಋಣ ತೀರಿಸಲು ದೂರದವನಲ್ಲಿ ಸಾಲ! 1974ರಲ್ಲಿ ಸೈಪ್ರಸ್‌ಗೆ ತುರ್ಕಿಯ ಸೇನೆ ಇಳಿದ ಮೇಲೆ, ಅದೇ ಪಾತ್ರೆಯಲ್ಲಿ ಕುದಿಯುತ್ತಿದ್ದ 'ತುರ್ಕಿ ಕಾಫಿ' ಗ್ರೀಸಿನಲ್ಲಿ 'ಗ್ರೀಕ್ ಕಾಫಿ'ಯಾಯಿತು. ಇದು ಗುರುತಿನ ಗೌರವವಲ್ಲ, ನೆನಪಿನ ಮೇಲಿನ ಹಗೆ.

ಇದಕ್ಕಿಂತ ಘನವಾದ ಮಾದರಿಯನ್ನು ಹಾಕಿಕೊಟ್ಟವರು ಗ್ರೀಸಿನ ನಿರಾಶ್ರಿತರು. 1922ರ ಯುದ್ಧ ಹಾಗೂ 1923ರ ಜನವಿನಿಮಯದಲ್ಲಿ ಸುಮಾರು 12 ಲಕ್ಷ ಜನ ಏಷ್ಯಾ ಮೈನರಿನ ಮನೆಮಠ ತೊರೆದು ಗ್ರೀಸಿಗೆ ಬಂದರು. ಅವರು ತಂದ ಜೀರಿಗೆಯ ಘಮದ ಮಾಂಸದುಂಡೆ, ಈಗ ತುರ್ಕಿಯ ಇಜ್ಮೀರ್ ಎನಿಸಿರುವ ಸ್ಮಿರ್ನಾದ ಹೆಸರನ್ನು ಇಂದಿಗೂ ಹೊತ್ತಿದೆ. ಊರು ಕಳೆದುಕೊಂಡವರು ಊರಿನ ಹೆಸರನ್ನು ತಟ್ಟೆಯಲ್ಲಿ ಉಳಿಸಿಕೊಂಡರು.

ಆದ್ದರಿಂದ ಬಂಧುಗಳೇ, ಪನೀರು ಹಾಕಲಿ, ತಪ್ಪಿಲ್ಲ, ಪನೀರೆಂದೇ ಬರೆಯಲಿ. ಬೆರಕೆ ಅಡುಗೆಯ ಹುಟ್ಟುಗುಣ, ಅದನ್ನು ಮರೆಮಾಚುವುದು ಮಾತ್ರ ವಂಚನೆ. ಈ ನ್ಯಾಯವನ್ನು ನೆರೆಯ ಹೋಟೆಲಿಗೆ ಬೋಧಿಸುವ ಮೊದಲು ನಮ್ಮ ಅಡುಗೆಮನೆಗೂ ಅನ್ವಯಿಸೋಣ. ರಾಜ್ಯೋತ್ಸವದ ಊಟದಲ್ಲಿ ಜೋಳದ ರೊಟ್ಟಿ, ಕಡುಬು, ಬಿಸಿಬೇಳೆ ಭಾತುಗಳನ್ನೆಲ್ಲ 'ಸೌತ್ ಇಂಡಿಯನ್' ಎಂಬ ಒಂದೇ ಫಲಕದ ಕೆಳಗೆ ಬಡಿಸುವ ಸಂಘಗಳು ನಮ್ಮಲ್ಲಿಲ್ಲವೇ? ಈ ನವೆಂಬರಿನಲ್ಲಿ ಆ ಫಲಕವನ್ನು ಇಳಿಸಿ, ಪ್ರತಿ ಪಾತ್ರೆಯ ಮುಂದೆಯೂ ಅದರದರ ಸೀಮೆಯ ಹೆಸರನ್ನು ಕನ್ನಡದಲ್ಲಿ ಬರೆದಿಡೋಣ.