ಕಾಲುನೋವಿಗೆ ಯಾವ ವೈದ್ಯರು?

ಕಾಲು ನೋವೆಂದೊಡನೆ ನಮ್ಮ ಹಿರಿಯ ಸದಸ್ಯರು ಆಗುಂಬೆ ಘಾಟಿ ಇಳಿದು ಮಣಿಪಾಲದ ಮೂಳೆ ವೈದ್ಯರಲ್ಲಿಗೆ ಹೊರಡುವುದನ್ನು ಕಾಣುತ್ತಿದ್ದೇವೆ. ಎಲ್ಲ ಕಾಲುನೋವೂ ಮೂಳೆಯದಲ್ಲ. ತೋಟದ ಏರು ಹತ್ತುವಾಗ ಮೀನಖಂಡ ಹಿಡಿದು, ನಿಂತರೆ ಬಿಡುವುದಾದರೆ ರಕ್ತನಾಳ ಕಟ್ಟಿರಬಹುದು; ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಅಲಕ್ಷಿಸಿದರೆ ಕಾಲನ್ನೇ ಕಳೆದುಕೊಳ್ಳುವ ಭಯವುಂಟು. ಕುಳಿತಾಗ, ಮುಂದಕ್ಕೆ ಬಾಗಿದಾಗ ಮಾತ್ರ ಹಗುರವಾದರೆ ಸೊಂಟದಲ್ಲಿ ನರ ಒತ್ತಿರಬಹುದು. ಮೆಟ್ಟಿಲಿಳಿಯುವಾಗ ಮಂಡಿ ನೊಂದರೆ ಮೂಳೆ ವೈದ್ಯರೇ ಸರಿ.

ಆದ್ದರಿಂದ ಮೊದಲು ಶೃಂಗೇರಿಯಲ್ಲೋ ಕೊಪ್ಪದಲ್ಲೋ ಸಾಮಾನ್ಯ ವೈದ್ಯರಿಂದ ಪಾದದ ನಾಡಿ, ರಕ್ತದ ಸಕ್ಕರೆ ನೋಡಿಸಿ, ಅವರ ಚೀಟಿಯೊಡನೆ ತಕ್ಕ ತಜ್ಞರಲ್ಲಿಗೆ ಹೋಗುವುದು ಲೇಸೆಂದು ನಮ್ಮ ಅಭಿಪ್ರಾಯ. ಒಂದೇ ಕಾಲು ಹಠಾತ್ತನೆ ಊದಿದರೆ, ಅಥವಾ ತಣ್ಣಗಾಗಿ ಬಿಳಿಚಿದರೆ, ಕೊನೆಕೊಯ್ಲು ನಿಂತರೂ ಸರಿಯೆ, ಅಂದೇ ಆಸ್ಪತ್ರೆ ಸೇರತಕ್ಕದ್ದು.